ತಾಳ ಕೇಳಿಸದ ಕಾರ್ಟ್ರಿಜ್

ಮೊದಲ ಟರ್ನ್‌ಟೇಬಲ್ ಯಾವುದು ಕೊಳ್ಳಬೇಕು, ಅದಕ್ಕೆ ಕಾರ್ಟ್ರಿಜ್ ಯಾವುದು ಹಾಕಿಸಬೇಕು ಎಂದು ಕೇಳಿಕೊಂಡು ಈಗಲೂ ವರ್ಷಕ್ಕೆ ಮೂರು ನಾಲ್ಕು ಜನ ಹೊಸಪೇಟೆಯಲ್ಲಿ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕೆಲವರು ಹಳೆಯ ರೆಕಾರ್ಡ್ ಕೂಡಿಡುವ ಹುಚ್ಚಿನವರು. ಇನ್ನು ಕೆಲವರು ಹೊಸದಾಗಿ ಸೌಂಡ್ ರಿಪೇರಿ ಅಂಗಡಿ ಇಟ್ಟವರು. ಎಲ್ಲರೂ ಫೋನಿನಲ್ಲಿ ಫೋಟೊ ತೋರಿಸಿ, "ಕಾಕಾ, ಇದು ಚಲೋ ಐತೋ, ಇದು ಚಲೋ ಐತೋ?" ಅನ್ನುತ್ತಾರೆ. ನಾನು ಫೋಟೊ ನೋಡುವುದಿಲ್ಲ. "ಮನಿ ಎಲ್ಲೈತಿ? ಪಕ್ಕದಾಗ ಏನೈತಿ? ಕೇಳೋರು ಯಾರು?" ಎಂದು ಶುರು ಮಾಡುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಂಡು ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಮೂರು ಪ್ರಶ್ನೆ ಕಲಿಯುವುದರಲ್ಲಿ ನನ್ನ ಮರ್ಯಾದೆ ಎಷ್ಟು ಸಲ ಹೋಯಿತು ಎಂಬುದು ಅವರಿಗೇನು ಗೊತ್ತು? ಅದನ್ನೇ ಬರೆಯುತ್ತಿದ್ದೇನೆ.

ನಾನು ಹುಲುಗಪ್ಪ. ಬಜಾರದ ಖಾದರ್ ಸಾಹೇಬರ ರೇಡಿಯೊ ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೆಕ್ಯಾನಿಕ್ ಆಗಿದ್ದೆ. ಮೊದಮೊದಲು ರೇಡಿಯೊ ರಿಪೇರಿ, ಮದುವೆಗಳಿಗೆ ಲೌಡ್‌ಸ್ಪೀಕರ್ ಕಟ್ಟುವುದು, ಇಷ್ಟೇ ನಮ್ಮ ಕೆಲಸ. ಕಾಲುವೆ ನೀರು ಬಂದು, ಎರಡೆರಡು ಬೆಳೆ ಬೆಳೆದು, ಕಂಪ್ಲಿ ಕಡೆ ಅಕ್ಕಿ ಮಿಲ್ಲುಗಳು ಎದ್ದ ಮೇಲೆ ಜನ ಪಡಸಾಲೆಯಲ್ಲಿಡಲು ರೆಕಾರ್ಡ್ ಪ್ಲೇಯರ್ ಕೇಳತೊಡಗಿದರು. ಕೇಳುವುದು ಅಂದರೆ ಹೇಗೆ? "ಇದ್ದಿದ್ರಾಗ ದೊಡ್ಡದು ಯಾವುದೈತಿ ಅದು ಕೊಡ್ರಿ" ಎಂದು. ಬಟ್ಟೆ ಬೀರು ಕೊಂಡಷ್ಟೇ ಸಲೀಸು.

ಸಾಹೇಬರಿಗೆ ಅದು ಸೇರುತ್ತಿರಲಿಲ್ಲ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಹೇಳಿದ್ದನ್ನು ಎರಡನೇ ಸಲ ಹೇಳುವವರಲ್ಲ. ಅವರ ಅಂಗಡಿಗೊಂದು ಪದ್ಧತಿ ಇತ್ತು. ಮಷೀನು ಮಾರಿದ ಮೇಲೆ ಮೆಕ್ಯಾನಿಕ್ಕೇ ಗಿರಾಕಿಯ ಮನೆಗೆ ಹೋಗಿ ಕೂರಿಸಬೇಕು. ಗಿರಾಕಿಯದೇ ಒಂದು ರೆಕಾರ್ಡ್ ಹಾಕಿ, ಎರಡೂ ಬದಿ ಮುಗಿಯುವವರೆಗೆ ಅಲ್ಲೇ ಕುಳಿತು ಕೇಳಬೇಕು. "ಅಂಗಡ್ಯಾಗ ಕೇಳಿದ್ದು ಅರ್ಧಾ ಮಷೀನು. ಉಳಿದರ್ಧ ಅವರ ಮನ್ಯಾಗ ಇರ್ತದ" ಅನ್ನುತ್ತಿದ್ದರು. ನಾನು ಎಷ್ಟೋ ಸಲ ಮೊದಲನೇ ಬದಿಗೇ ಎದ್ದು ಬಸ್ಸು ಹಿಡಿದವನು.

ಕಾರ್ಟ್ರಿಜ್ ಅಂದರೆ ಏನು ಎಂದು ತಿಳಿಯದವರಿಗೆ ಹೇಳುತ್ತೇನೆ. ಪ್ಲೇಯರಿನ ಕೈ ಇರುತ್ತದಲ್ಲ, ಅದರ ತುದಿಯಲ್ಲಿ ಬೆರಳಿನ ಉಗುರಿನಷ್ಟು ಒಂದು ಪುಟ್ಟ ಡಬ್ಬಿ. ಅದರ ಕೆಳಗೆ ಸೂಜಿ. ಸೂಜಿ ರೆಕಾರ್ಡಿನ ಗೀರಿನಲ್ಲಿ ನಡುಗುತ್ತ ಹೋಗುತ್ತದೆ, ಡಬ್ಬಿ ಆ ನಡುಕವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುತ್ತದೆ. ನಮ್ಮ ಕಾಲಕ್ಕೆ ಎರಡು ಜಾತಿ. ಸೆರಾಮಿಕ್ ಅನ್ನುವುದು ಗಟ್ಟಿ ಜೀವ. ಭಾರ ತಡೆಯುತ್ತದೆ, ಧೂಳು ತಡೆಯುತ್ತದೆ, ಆದರೆ ಸೂಕ್ಷ್ಮ ಸದ್ದು ಸ್ವಲ್ಪ ಬಿಟ್ಟುಬಿಡುತ್ತದೆ. ಮ್ಯಾಗ್ನೆಟಿಕ್ ಅನ್ನುವುದು ನಾಜೂಕಿನದು. ಗೀರಿನಲ್ಲಿ ಇದ್ದುದನ್ನೆಲ್ಲ ಹೆಕ್ಕಿ ಕೊಡುತ್ತದೆ, ಆದರೆ ಮುಟ್ಟಿದರೆ ಮುನಿ.

ಅದು ಎಷ್ಟು ನಾಜೂಕು ಎಂದು ನನಗೆ ತಿಳಿದದ್ದು ಸಂಡೂರಿನಲ್ಲಿ. ಅಲ್ಲಿ ಗಣಿಯ ಎಂಜಿನಿಯರೊಬ್ಬರು ಮೊಟ್ಟಮೊದಲ ಮ್ಯಾಗ್ನೆಟಿಕ್ ತರಿಸಿಕೊಂಡಿದ್ದರು. ಕೂರಿಸಿ ರೆಕಾರ್ಡ್ ಹಾಕಿದೆ. ಸೂಜಿ ಎರಡು ಸಲ ಹಾರಿತು. ಮದುವೆ ಮನೆಗಳಲ್ಲಿ ಸೂಜಿ ಹಾರಿದರೆ ನಾವು ಮಾಡುತ್ತಿದ್ದುದು ಒಂದೇ ವೈದ್ಯ: ಕೈಯ ತಲೆಯ ಮೇಲೆ ನಾಲ್ಕಾಣೆ ಬಿಲ್ಲೆ ಇಡುವುದು. ಚಪ್ಪರದ ಹಲಗೆಯ ಮೇಲೆ ಜನ ಕುಣಿದರೂ ಆಮೇಲೆ ಸೂಜಿ ಕದಲುತ್ತಿರಲಿಲ್ಲ. ಇಲ್ಲಿಯೂ ಜೇಬಿನಿಂದ ನಾಲ್ಕಾಣೆ ತೆಗೆದೆ, ಇಟ್ಟೆ. ಎಂಜಿನಿಯರರು "ಅಯ್ಯೋ" ಅನ್ನುವಷ್ಟರಲ್ಲಿ ಸೂಜಿಯ ಕಾಲು ಮಡಚಿಕೊಂಡು ಡಬ್ಬಿಯ ಹೊಟ್ಟೆಗೆ ಅಂಟಿತ್ತು.

ಸಾಹೇಬರು ಬೈಯಲಿಲ್ಲ. ಆ ಕಾರ್ಟ್ರಿಜ್ಜನ್ನು ನನ್ನ ಕೆಲಸದ ಮೇಜಿನ ಮೇಲೆ ಮೊಳೆ ಹೊಡೆದು ಕೂರಿಸಿ, ಪಕ್ಕದಲ್ಲಿ ಒಂದು ನಾಲ್ಕಾಣೆ ಅಂಟಿಸಿದರು. ನಿವೃತ್ತನಾಗುವವರೆಗೆ ಅದು ಅಲ್ಲೇ ಇತ್ತು. ಬಂದವರೆಲ್ಲ "ಇದೇನು?" ಎಂದು ಕೇಳುವರು, ನಾನೇ ಕಥೆ ಹೇಳಬೇಕು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆದರೆ ಸೂಜಿ ಹಾರಿದ್ದೇಕೆ ಎಂಬ ಕುತೂಹಲ ನನಗೆ ಹೋಗಲಿಲ್ಲ. ಮುಂದಿನ ಸಲ ಹೋದಾಗ ಭೂತಗನ್ನಡಿ ಹಿಡಿದು ರೆಕಾರ್ಡ್ ನೋಡಿದೆ. ಕಪ್ಪು ಗೀರಿನ ತಳದಲ್ಲಿ ಕೆಂಪು! ಅದಿರಿನ ಲಾರಿಗಳು ಅವರ ಮನೆ ಮುಂದೆಯೇ ಹಾದುಹೋಗುತ್ತಿದ್ದವು. ಕಿಟಕಿಯಿಂದ ಬಂದ ಕೆಂಧೂಳು ಗೀರಿನಲ್ಲಿ ಮೆತ್ತಿಕೊಂಡು ಸೂಜಿಯನ್ನು ಎತ್ತಿ ಒಗೆಯುತ್ತಿತ್ತು. ರೆಕಾರ್ಡ್ ತೊಳೆದು, ಪ್ಲೇಯರಿಗೆ ಮುಚ್ಚಳ ಮಾಡಿಸಿ, ಕಿಟಕಿ ಹಾಕಿ ಕೇಳಿದಾಗ ಯಾವ ಬಿಲ್ಲೆಯೂ ಬೇಕಾಗಲಿಲ್ಲ. "ಪಕ್ಕದಾಗ ಏನೈತಿ" ಎಂಬ ಪ್ರಶ್ನೆ ಅಂದು ಹುಟ್ಟಿತು. ಇನ್ನು ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಸೊಕ್ಕೂ ಅಂದೇ ಹುಟ್ಟಿತು.

ಆ ಸೊಕ್ಕು ಇಳಿಸಿದವರು ಕಂಪ್ಲಿಯ ಪಂಪಣ್ಣ.

ಪಂಪಣ್ಣನವರದು ಅಕ್ಕಿ ಮಿಲ್ಲು. ಒಂದು ಬೆಳಿಗ್ಗೆ ಅಕ್ಕಿ ಲಾರಿಯ ಮುಂದೆ ಕುಳಿತು ಹೊಸಪೇಟೆಗೆ ಬಂದರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ರೆಕಾರ್ಡ್. ಅಂಗಡಿ ನಡುಗುವಂತೆ ಮಾತಾಡಿದರು. ಮಿಲ್ಲಿನವರೆಲ್ಲ ಹಾಗೇ, ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

"ನನಗ ದೊಡ್ಡ ಪೆಟ್ಟಿಗಿ ಬ್ಯಾಡ, ಬಣ್ಣದ ದೀಪ ಬ್ಯಾಡ. ಈ ರೆಕಾರ್ಡಿನಾಗ ತತ್ವಪದ ಅದಾವ. ಹಾಡು ಎಲ್ಲಾ ಮಷೀನಿನಾಗೂ ಕೇಳಿಸ್ತದ, ತಾಳ ಕೇಳಿಸವಲ್ದು. ತಾಳ ಕೇಳಿಸೋ ಮಷೀನು ಕೊಡು."

ಇಂಥ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಖುಷಿಯಾಯಿತು. ಅಂಗಡಿಯ ಸೆರಾಮಿಕ್ ಮಷೀನಿನಲ್ಲಿ ಹಾಕಿದೆ. ಹಾಡಿನ ಹಿಂದೆ ಕಂಚಿನ ತಾಳ ಟಿಣ್ ಟಿಣ್ ಎಂದು ಬರುತ್ತಲೇ ಇತ್ತು. ಅವರು ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ ತಲೆಯಾಡಿಸಿದರು. "ಇದೂ ಹಂಗ ಐತಿ."

ಕೇಳಿಸುತ್ತದೆ, ಆದರೆ ಅವರಿಗೆ ಬೇಕಾದಷ್ಟು ಸ್ಪಷ್ಟವಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ನಾಜೂಕು ಕಿವಿಯ ಮನುಷ್ಯ ಎಂದು ಒಳಗೇ ಮೆಚ್ಚಿದೆ ಕೂಡ. "ತಾಳದ ಮ್ಯಾಲೆ ಯಾಕಿಷ್ಟು ಜೀವ ಸಾಹುಕಾರ್ರ?" ಎಂದು ಕೇಳಿದೆ.

ಅವರ ದನಿ ಮೊದಲ ಸಲ ತಗ್ಗಿತು. ಸೋಮವಾರ ಸೋಮವಾರ ಅವರ ಮನೆಯಲ್ಲಿ ಓಣಿಯವರ ಭಜನೆ ನಡೆಯುತ್ತಿತ್ತು. ಹಾಡುವವರು ಪಂಪಣ್ಣ. ತಾಳ ಹಾಕುವವನು ಜಡೆಪ್ಪ, ಬಾಳೆ ತೋಟದವನು, ಚಡ್ಡಿ ದೋಸ್ತ. ಒಂದು ವರ್ಷದ ಹಿಂದೆ ಜಡೆಪ್ಪ ತಾಳ ಮೆತ್ತಗೆ ಹಾಕತೊಡಗಿದ ಎಂದು ಪಂಪಣ್ಣನ ದೂರು. ಎರಡು ಸಲ ಹೇಳಿದರು, ಮೂರನೇ ಸಲ ಎಲ್ಲರ ಮುಂದೆ "ಕೈಯಾಗ ಸತ್ವ ಇಲ್ಲೇನಲೇ?" ಎಂದುಬಿಟ್ಟರು. ಜಡೆಪ್ಪ ತಾಳ ಗೂಟಕ್ಕೆ ತೂಗುಹಾಕಿ ಎದ್ದು ಹೋದ. ಆರು ತಿಂಗಳಾಯಿತು, ಆ ಕಡೆ ಬಂದಿಲ್ಲ. ಅವನ ಮಗಳ ಮದುವೆಗೆ ಇವರನ್ನು ಕರೆಯಲಿಲ್ಲ.

"ಈ ರೆಕಾರ್ಡು ಅವನ ಮುಂದ ಹಚ್ಚಬೇಕು. ತಾಳ ಅಂದ್ರ ಹಿಂಗ ಇರಬೇಕು ಅಂತ ಅವ ತನ್ನ ಕಿವೀಲೆ ಕೇಳ್ಬೇಕು. ಆಗ ಒಪ್ಪಿಕೊಂಡು ಬರ್ತಾನ. ಇಲ್ಲಾಂದ್ರ ಭಜನಿ ನಿಂತಂಗ." ಹೀಗೆ ಹೇಳಿ ಪಂಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು.

ಒಂದು ಮಷೀನು ಗೆಳೆತನ ಉಳಿಸಬೇಕು! ನನಗೆ ಇಂಥ ಕೆಲಸ ಎಂದೂ ಸಿಕ್ಕಿರಲಿಲ್ಲ. "ಕೇಳಿಸ್ತೀನಿ ಬಿಡ್ರಿ" ಎಂದು ಎದೆ ತಟ್ಟಿ ಹೇಳಿದೆ.

ಕಂಪ್ಲಿಗೆ ಹೋಗಿ ಸೆರಾಮಿಕ್ಕಿನದೇ ಒಂದು ಒಳ್ಳೆಯ ಮಷೀನು ಕೂರಿಸಿದಾಗ ತಾಳದ ಮಾತು ಹಾಗಿರಲಿ, ಹಾಡೇ ಕೇಳಿಸಲಿಲ್ಲ. ಸ್ಪೀಕರಿನಿಂದ ಗೊರ್ರ್ ಎಂಬ ಸದ್ದು. ಮನೆಯ ಹಿಂಗೋಡೆಯೇ ಮಿಲ್ಲಿನ ಮುಂಗೋಡೆ. ಮಿಲ್ಲು ಓಡಿದರೆ ಪಡಸಾಲೆಯ ನೆಲ ನಡುಗುತ್ತಿತ್ತು, ನೆಲದ ನಡುಕ ಮೇಜಿಗೆ, ಮೇಜಿನದು ಸೂಜಿಗೆ. ಹತ್ತಿ ಇಟ್ಟೆ, ರಬ್ಬರ್ ಇಟ್ಟೆ, ಆಗಲಿಲ್ಲ. ಕೊನೆಗೆ ಅಂಗಳದಲ್ಲಿ ಬಿದ್ದಿದ್ದ ಭತ್ತದ ಹೊಟ್ಟು ಕಣ್ಣಿಗೆ ಬಿತ್ತು. ಒಂದು ಚೀಲ ಹೊಟ್ಟು ತುಂಬಿಸಿ ಹೊಲಿಸಿ, ಅದರ ಮೇಲೆ ಕಡಪಾ ಕಲ್ಲಿನ ಚಪ್ಪಡಿ, ಚಪ್ಪಡಿಯ ಮೇಲೆ ಟರ್ನ್‌ಟೇಬಲ್. ಗೊರ್ರ್ ಮಾಯ! ಆಮೇಲೆ ಆ ಸೀಮೆಯ ಎಷ್ಟೋ ಮಿಲ್ಲಿನ ಮನೆಗಳಲ್ಲಿ ನಾನು ಇದನ್ನೇ ಮಾಡಿದೆ. ದುಡ್ಡು ಕೊಟ್ಟು ತರಿಸಿದ ಯಾವ ಸ್ಟ್ಯಾಂಡೂ ಹೊಟ್ಟಿನ ಚೀಲದಷ್ಟು ಕೆಲಸ ಮಾಡಿದ್ದನ್ನು ಕಂಡಿಲ್ಲ.

ಪಂಪಣ್ಣ ಮಗುವಿನ ಹಾಗೆ ಹಿಗ್ಗಿದರು. ಹಾಡು ಸ್ವಚ್ಛವಾಗಿ ಬರುತ್ತಿತ್ತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು, "ತಾಳ?" ಎಂದರು.

ನನಗೆ ಕೇಳಿಸುತ್ತಿತ್ತು. ಆದರೆ ಗಿರಾಕಿ ಇಲ್ಲ ಅಂದರೆ ಇಲ್ಲ. "ಈಗಿರೋ ಸೂಜಿ ನೀಲಮಣೀದು, ವಜ್ರದ್ದು ಹಾಕಿದ್ರ ಬರ್ತದ" ಎಂದೆ. ಮುಂದಿನ ವಾರ ವಜ್ರದ ಸೂಜಿಯ ಕಾರ್ಟ್ರಿಜ್ ಹಾಕಿದೆ. "ಚೂರು ವಾಸಿ" ಎಂದರು, ನನ್ನ ಮುಖ ನೋಡಿ ಹೇಳಿದ ಮಾತು ಅದು. ಆಮೇಲೆ ಮದರಾಸಿನಿಂದ ಮ್ಯಾಗ್ನೆಟಿಕ್ ತರಿಸಿದೆ. ಅದಕ್ಕೊಂದು ಬೇರೆ ಪುಟ್ಟ ಆಂಪ್ಲಿಫೈಯರ್ ನಾನೇ ಕಟ್ಟಿದೆ. ಕೈಯ ಭಾರವನ್ನು ಕೂದಲೆಳೆಯಷ್ಟು ಸರಿಮಾಡಿದೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಚೆಂದದ ಸದ್ದು ನಾನು ತೆಗೆದಿರಲಿಲ್ಲ. ತಾಳದ ಎರಡು ಬಟ್ಟಲು ಒಂದನ್ನೊಂದು ಸವರಿಕೊಂಡು ಬಿಡುವುದು ಕೂಡ ಕಿವಿಗೆ ಸಿಗುತ್ತಿತ್ತು.

"ಬರವಲ್ದಲೋ ಹುಲುಗಪ್ಪ" ಎಂದರು ಪಂಪಣ್ಣ.

ಈಗ ನೆನೆದರೆ ನಾಚಿಕೆಯಾಗುತ್ತದೆ. ಸುಳಿವು ನನ್ನ ಕಣ್ಣ ಮುಂದೆಯೇ ಇತ್ತು. ಒಂದು ಸಲ ಮಿಲ್ಲು ತೋರಿಸುತ್ತ ಅವರು, "ಈ ಬೆಲ್ಟು ಮೊದಲ ಕೀಂ ಅಂತ ಚೀರ್ತಿತ್ತು. ಒಂದು ವರ್ಷದಿಂದ ತಾನಾಗೇ ಸುಮ್ಮನಾಗೇತಿ ನೋಡು" ಎಂದಿದ್ದರು. ಆ ಮಾತು ಆಡುವಾಗ ಬೆಲ್ಟು ನನ್ನ ಹಲ್ಲು ಜುಮ್ಮೆನ್ನುವಂತೆ ಚೀರುತ್ತಿತ್ತು. ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕೆ. ಆ ಮನೆಯಲ್ಲಿ ಎಲ್ಲರೂ ಮಿಲ್ಲಿನ ಸದ್ದು ಮೀರಿ ಕೂಗಿಯೇ ಮಾತಾಡುವುದು. ಹೆಂಡತಿ ಕೂಗುತ್ತಾರೆ, ಹಮಾಲರು ಕೂಗುತ್ತಾರೆ, ಹೋದ ನಾನೂ ಕೂಗುತ್ತಿದ್ದೆ. ಕೂಗುವವರ ನಡುವೆ ಯಾರಿಗೆ ಎಷ್ಟು ಕೇಳುತ್ತದೆ ಎಂದು ತಿಳಿಯುವುದು ಹೇಗೆ?

ಕಾಲುವೆ ನೀರು ನಿಲ್ಲಿಸಿದ ಬೇಸಿಗೆ ಬಂತು. ಮಿಲ್ಲಿನಲ್ಲಿ ಭತ್ತ ಮುಗಿದು ಯಂತ್ರ ಬಿಚ್ಚಿಟ್ಟಿದ್ದರು. ನಾಲ್ಕನೇ ಕಾರ್ಟ್ರಿಜ್ಜಿನ ಮಾತಾಡಲು ಹೋದೆ. ಆ ಮನೆಯನ್ನು ಮೌನದಲ್ಲಿ ನಾನು ಕಂಡದ್ದು ಅಂದೇ ಮೊದಲು. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸುತ್ತಿತ್ತು. ಪಂಪಣ್ಣ ಮಷೀನಿನ ಮುಂದೆ ಕುಳಿತಿದ್ದರು. ಅವರ ಹೆಂಡತಿ ಶಾಂತಮ್ಮ ಹಿಂದಿನಿಂದ ಬಂದು, ಎಲ್ಲರ ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ, "ಚಾ ತಗೋರಿ" ಎಂದರು. ಪಂಪಣ್ಣ ತಿರುಗಲಿಲ್ಲ. ಆಕೆ ಮುಂದೆ ಬಂದು ಲೋಟ ಇಟ್ಟ ಮೇಲೆಯೇ ನೋಡಿದರು.

ನಾನು ರೆಕಾರ್ಡ್ ಹಾಕಿದೆ. ಶಾಂತಮ್ಮ ಬಾಗಿಲಿಗೆ ಒರಗಿ ನಿಂತು, ತಮಗೆ ಗೊತ್ತಿಲ್ಲದೆಯೇ ಬೆರಳಿನಿಂದ ಚೌಕಟ್ಟಿನ ಮೇಲೆ ತಾಳ ಹಾಕುತ್ತಿದ್ದರು. ಅಷ್ಟು ದೂರ ನಿಂತವರಿಗೆ ಕೇಳಿಸುತ್ತದೆ. ಪೆಟ್ಟಿಗೆಯ ಎದುರು ಕುಳಿತವರಿಗೆ ಕೇಳಿಸುತ್ತಿಲ್ಲ.

ಗೂಟದಲ್ಲಿ ಜಡೆಪ್ಪನ ತಾಳ ತೂಗುತ್ತಿತ್ತು. ಹಾಡು ನಿಲ್ಲಿಸಿ, ಅದನ್ನು ತೆಗೆದುಕೊಂಡು, ಪಂಪಣ್ಣನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ಮೆಲ್ಲಗೆ ಬಾರಿಸಿದೆ. ಟಿಣ್. ಅವರು ನಿಂತುಹೋದ ರೆಕಾರ್ಡನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಬಾರಿಸಿದೆ. ಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಹಾಡು ಯಾಕೆ ನಿಂತಿತು ಎಂದು ಕೇಳಲು ಪಂಪಣ್ಣ ತಿರುಗಿದರು. ನನ್ನ ಕೈಯಲ್ಲಿ ತಾಳ, ಹೆಂಡತಿಯ ಕಣ್ಣಲ್ಲಿ ನೀರು.

"ಬಾರಿಸಿದ್ಯಾ?"

"ಹ್ಞೂಂ ರೀ."

"ಯಾವಾಗ?"

"ಈಗ. ಎರಡು ಸಲ."

ಅವರು ಕೈಚಾಚಿ ತಾಳ ತೆಗೆದುಕೊಂಡರು. ಕಿವಿಯ ಹತ್ತಿರ ಹಿಡಿದು ಬಾರಿಸಿದರು. ಇನ್ನೂ ಜೋರಾಗಿ ಬಾರಿಸಿದರು. ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

"ಕೈಗೆ ಬರ್ತದ. ಕಿವಿಗೆ ಬರವಲ್ದು" ಎಂದರು. ತಾಳವನ್ನು ತೊಡೆಯ ಮೇಲಿಟ್ಟುಕೊಂಡು, "ಜಡೆಪ್ಪ ಬರೋಬ್ಬರಿ ಹಾಕ್ತಿದ್ದ" ಎಂದರು. ಕೂಗುವ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಮಿಲ್ಲಿನ ಗದ್ದಲ ಅವರ ಕಿವಿಯಿಂದ ತಾಳ, ಬೆಲ್ಟಿನಂಥ ಕೀರಲು ಸದ್ದನ್ನಷ್ಟೇ ಕಿತ್ತುಕೊಂಡು ಹಾಡಿನ ದಪ್ಪ ದನಿ ಉಳಿಸಿತ್ತು ಎಂದು ಹೊಸಪೇಟೆಗೆ ಮರಳಿ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು. ಮೂರು ಕಾರ್ಟ್ರಿಜ್ ಹಾಕಿದಿ. ಮಗ್ಗಲಕ್ಕ ಕುಂತು, ಎರಡೂ ಬದಿ, ಅವರ ಮುಖಾ ನೋಡ್ಕೋತ ಒಂದು ಸಲನಾರ ಕೇಳಿದ್ಯೇನು?" ಎಂದರು. ಕೇಳಿರಲಿಲ್ಲ. ನಾನು ಪ್ರತಿ ಸಲವೂ ಸೂಜಿಯನ್ನು ನೋಡುತ್ತಿದ್ದೆ. ಪ್ರತಿ ಸಲವೂ ತಪ್ಪು ಮಷೀನಿನದು ಎಂದು ಆ ಮನುಷ್ಯನಿಗೆ ಸುಳ್ಳು ಭರವಸೆ ಕೊಟ್ಟಿದ್ದೆ. ನಾನು ಜಾಣನೆನ್ನಿಸಿಕೊಳ್ಳುವ ಆಸೆಗೆ ಇಬ್ಬರು ಗೆಳೆಯರು ಇನ್ನಷ್ಟು ತಿಂಗಳು ಬೇರೆಯಾಗಿದ್ದರು. ಮೇಜಿನ ಮೇಲಿನ ನಾಲ್ಕಾಣೆಗಿಂತ ಇದು ಹೆಚ್ಚು ಚುಚ್ಚಿತು.

ಮುಂದಿನ ಸೋಮವಾರ ಸಂಜೆ ನನ್ನನ್ನೂ ಕರೆದಿದ್ದರು. ಹಿಂದಿನ ದಿನ ಪಂಪಣ್ಣನೇ ಬಾಳೆ ತೋಟಕ್ಕೆ ನಡೆದುಕೊಂಡು ಹೋಗಿ ಬಂದಿದ್ದರಂತೆ. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ಜಡೆಪ್ಪ ಬಂದ. ಕುಳ್ಳ ಮನುಷ್ಯ, ದಪ್ಪ ಬೆರಳು. ಗೂಟದ ತಾಳದ ಕಡೆ ನೋಡದೆ ಮೂಲೆಯಲ್ಲಿ ಕುಳಿತ. ಪಂಪಣ್ಣ ತಾವೇ ತಾಳ ತಂದು ಅವನ ಕೈಗಿಟ್ಟು, ಅವನ ಮಗ್ಗುಲಿಗೆ ಕುಳಿತರು.

ಜಡೆಪ್ಪ ಹೊಟ್ಟಿನ ಚೀಲ, ಕಲ್ಲು, ಮಷೀನು ಎಲ್ಲ ನೋಡಿ, "ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ. ಮೂರು ಸೂಜಿ ಬದಲ ಮಾಡಿಸಿದಿ, ನನ್ನ ಮಾತು ಒಂದು ಸಲ ಕೇಳ್ಲಿಲ್ಲ ನೀನು" ಎಂದ.

"ಏನಂದಿ?" ಎಂದರು ಪಂಪಣ್ಣ.

ಜಡೆಪ್ಪ ಅವರ ಮುಖ ನೋಡಿದ. ಆಮೇಲೆ ಜಡೆಪ್ಪನಿಗೆ ನಗು ತಡೆಯಲಾಗಲಿಲ್ಲ, ಪಂಪಣ್ಣನೂ ಅರ್ಥವಾಗದೆಯೇ ನಕ್ಕರು, ಭಜನೆಯವರೆಲ್ಲ ನಕ್ಕರು. ನಗುತ್ತಲೇ ಜಡೆಪ್ಪ ಕಣ್ಣೊರೆಸಿಕೊಂಡ. ಹಾಡು ಶುರುವಾಯಿತು. ಪಂಪಣ್ಣ ಎಡ ಅಂಗೈಯನ್ನು ಜಡೆಪ್ಪನ ಮೊಣಕಾಲ ಮೇಲೆ ಇಟ್ಟರು. ಜಡೆಪ್ಪ ಕೈಯಲ್ಲಿ ತಾಳ ಹಾಕುತ್ತ, ಅದೇ ಲೆಕ್ಕಕ್ಕೆ ಮೊಣಕಾಲನ್ನೂ ಕುಟ್ಟುತ್ತಿದ್ದ. ಇಡೀ ಸಂಜೆ ಒಂದು ಪದವೂ ತಾಳ ತಪ್ಪಲಿಲ್ಲ. ಅಂದು ನಾನು ಕೊನೆಯವರೆಗೂ ಕುಳಿತು ಕೇಳಿದೆ.

ನಾನು ಮ್ಯಾಗ್ನೆಟಿಕ್ ಬಿಚ್ಚಿ ಅವರಿಗೆ ಸಾಕಾಗುವ ಸೆರಾಮಿಕ್ಕನ್ನೇ ಮತ್ತೆ ಹಾಕಿದೆ. ಆ ರೆಕಾರ್ಡನ್ನು ಪಂಪಣ್ಣ ನನಗೇ ಕೊಟ್ಟರು. "ನಿನ್ನ ಕೆಲಸಕ್ಕ ಬರ್ತದ" ಎಂದರು. ಬಂತು. ಅಲ್ಲಿಂದ ಮುಂದೆ ಯಾರೇ ಮೊದಲ ಮಷೀನು ಕೊಳ್ಳಲು ಬಂದರೂ ಅದನ್ನು ಹಾಕಿ, "ತಾಳ ಕೇಳಿಸಿದಾಗೆಲ್ಲ ಬೆರಳು ಎತ್ರಿ" ಎನ್ನುತ್ತಿದ್ದೆ. ಮಿಲ್ಲಿನವರು, ಗಣಿಯಲ್ಲಿ ಸಿಡಿಮದ್ದು ಹಾಕುವವರು, ಎಷ್ಟೋ ಜನ ಬೆರಳೆತ್ತದೆ ನನ್ನ ಮುಖ ನೋಡುತ್ತ ಕುಳಿತಿದ್ದುಂಟು. ಅವರಿಗೆ ನಾಜೂಕು ಕಾರ್ಟ್ರಿಜ್ ಮಾರಲಿಲ್ಲ, ಡಾಕ್ಟರ ಹತ್ತಿರ ಕಳಿಸಿದೆ. ಕ್ಯಾಸೆಟ್ ಬಂದು ಟರ್ನ್‌ಟೇಬಲ್‌ಗಳು ಅಟ್ಟ ಸೇರುವವರೆಗೆ ಅಂಗಡಿಯಲ್ಲಿ ಇದೇ ಪದ್ಧತಿ ನಡೆಯಿತು. ಒಬ್ಬರೇ ಬಂದವರಿಗೆ, ಮನೆಯವರನ್ನು ಕರಕೊಂಡು ಬರ್ರಿ ಎಂದು ಹೇಳಿ ಕಳಿಸುತ್ತಿದ್ದೆ. ನಿಮಗೂ ಅದೇ ಹೇಳುತ್ತೇನೆ. ಧೂಳು ನೋಡಿ, ನೆಲ ನೋಡಿ, ಸೂಜಿಯ ಭಾರ ನೋಡಿ, ಆದರೆ ಮೊದಲ ಟರ್ನ್‌ಟೇಬಲ್ ಆರಿಸಲು ಒಬ್ಬರೇ ಹೋಗಬೇಡಿ.

ಹೋದ ತಿಂಗಳು ನನ್ನದೇ ಪ್ಲೇಯರಿನಲ್ಲಿ ಆ ರೆಕಾರ್ಡ್ ಹಾಕಿದೆ. ಹಾಡು ಬಂತು, ತಾಳ ಬರಲಿಲ್ಲ. ಸೂಜಿ ಸವೆದಿರಬೇಕು ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಕೈ ಅಲ್ಲೇ ನಿಂತಿತು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿ, "ತಾಳ ಕೇಳಿಸಿದ್ರ ಬೆರಳು ಎತ್ತು" ಎಂದೆ.

ಆಕೆ ನನ್ನ ಮುಖ ನೋಡಿದಳು. ಆಮೇಲೆ ಬೆರಳು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ನಾನು ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿ, ಆಕೆಯ ಬೆರಳು ನೋಡುತ್ತ ಎರಡೂ ಬದಿ ಕೇಳಿದೆ.